ತೋಳನ ಪ್ರೇಮ, ಹುಲಿಯ ಪೂರ್ವಭವ

ಚಾಮರಾಜನಗರದಿಂದ ತೆರಕಣಾಂಬಿಯ ಮಾರ್ಗವಾಗಿ ಗುಂಡ್ಲುಪೇಟೆಗೆ ಹೋಗುವ ಬಸ್ಸಿನಲ್ಲಿ ಬೆಳಗಿನ ಹೊತ್ತು ಕಾಲೇಜಿನ ಹೆಣ್ಣುಮಕ್ಕಳೇ ಹೆಚ್ಚು. ಕಿಟಕಿಯಾಚೆ ಚೆಂಡುಹೂವಿನ ಹೊಲಗಳು, ದೂರದಲ್ಲಿ ಹಿಮವದ್ಗೋಪಾಲಸ್ವಾಮಿ ಬೆಟ್ಟ. ಆದರೆ ಹಲವರ ದೃಷ್ಟಿ ಕೈಯಲ್ಲಿರುವ ಮೊಬೈಲಿನ ಮೇಲೆ. ಎಲ್ಲರೂ ಹಾಡು ಕೇಳುವವರಲ್ಲ, ಚಿತ್ರ ನೋಡುವವರಲ್ಲ, ಕೆಲವರು ಓದುತ್ತಿರುತ್ತಾರೆ. ಓದುತ್ತಿರುವುದೇನೆಂದು ವಿಚಾರಿಸಿದರೆ ಹಿರಿಯರಿಗೆ ದಿಗ್ಭ್ರಮೆಯಾಗುತ್ತದೆ. ತೋಳವಾಗಿ ಮಾರ್ಪಡುವ ಶಕ್ತಿಯುಳ್ಳ ತರುಣನೊಬ್ಬನು ಮನುಷ್ಯಕನ್ಯೆಯನ್ನು ಪ್ರೇಮಿಸುವ ಕಥೆ ಅದು. ಇಂಥ ಕಾದಂಬರಿಗಳು ಒಂದೆರಡಲ್ಲ, ಸಾವಿರಗಟ್ಟಲೆ ಇವೆ. ಅಧ್ಯಾಯ ಅಧ್ಯಾಯವಾಗಿ ಪ್ರಕಟವಾಗುತ್ತ ನೂರಾರು ಕಂತುಗಳವರೆಗೆ ಬೆಳೆಯುತ್ತವೆ.

ಇದನ್ನು ವಿಕಥೆ ಎಂದು ತಳ್ಳಿಬಿಡುವುದು ಸುಲಭ. ಸ್ತ್ರೀಕಥೆ, ಭಕ್ತಕಥೆ, ರಾಷ್ಟ್ರಕಥೆ, ರಾಜಕಥೆಗಳೆಂಬ ನಾಲ್ಕು ವಿಕಥೆಗಳನ್ನು ನಮ್ಮ ಆಚಾರ್ಯರು ತ್ಯಾಜ್ಯವೆಂದಿದ್ದಾರೆ. ಆದರೆ ದಿನಪತ್ರಿಕೆಯನ್ನು ಮೊದಲ ಪುಟದಿಂದ ಕಡೆಯ ಪುಟದವರೆಗೆ ಬಿಡದೆ ಓದಿ ಸಂಜೆ ಜಗಲಿಯ ಮೇಲೆ ಮಂತ್ರಿಮಂಡಲವನ್ನು ಕಟ್ಟಿ ಕೆಡಹುವ ಶ್ರಾವಕರು ಮೊಮ್ಮಗಳ ಕಾದಂಬರಿಯನ್ನು ವಿಕಥೆಯೆಂದು ಹಳಿಯುವ ಮುನ್ನ ತುಸು ಯೋಚಿಸಬೇಕು. ಮೇಲಾಗಿ, ಶೃಂಗಾರವನ್ನು ಮುಟ್ಟದೆ ಧರ್ಮವನ್ನು ಹೇಳಿದ ಜೈನಕವಿ ಕನ್ನಡದಲ್ಲಿ ದುರ್ಲಭ. ಪಂಪ, ಜನ್ನರು ಮನುಷ್ಯನ ಆಸೆ ಎತ್ತ ಹರಿಯುತ್ತದೆಂಬುದನ್ನು ಮೊದಲು ನೋಡಿ, ಅದರ ಬೆನ್ನು ಹಿಡಿದೇ ಧರ್ಮದ ಕಡೆಗೆ ನಡೆದವರು. ಈ ತೋಳನ ಕಥೆಗಳಲ್ಲಿ ಹೆಣ್ಣುಮಕ್ಕಳ ಆಸೆ ಎತ್ತ ಹರಿಯುತ್ತಿದೆ ಎಂಬುದು ಆದ್ದರಿಂದ ವಿಚಾರಾರ್ಹವಾದ ಪ್ರಶ್ನೆ.

ಪಾಶ್ಚಾತ್ಯರಲ್ಲಿ ತೋಳಮನುಷ್ಯನ ಕಲ್ಪನೆ ಬಹು ಪ್ರಾಚೀನವಾದುದು. ರೋಮಿನ ಕವಿ ಓವಿಡನ ಕಾವ್ಯದಲ್ಲಿ ಅರ್ಕೇಡಿಯಾದ ದೊರೆ ಲೈಕಾನನು ಅತಿಥಿಯಾಗಿ ಬಂದ ದೇವತೆಗೆ ನರಮಾಂಸವನ್ನು ಬಡಿಸಿ, ಆ ಪಾಪದಿಂದ ತೋಳವಾಗುತ್ತಾನೆ. ಹನ್ನೆರಡನೆಯ ಶತಮಾನದ ಕವಯಿತ್ರಿ ಮರೀ ದ ಫ್ರಾನ್ಸ್ ರಚಿಸಿದ ಕಥನಕವನದಲ್ಲಿ ವಾರದಲ್ಲಿ ಮೂರು ದಿನ ತೋಳವಾಗುವ ಸಾಮಂತನೊಬ್ಬನಿದ್ದಾನೆ. ಗಂಡನ ಗುಟ್ಟನ್ನು ತಿಳಿದು ಹೆದರಿದ ಹೆಂಡತಿ ಅವನ ಬಟ್ಟೆಯನ್ನು ಬಚ್ಚಿಡಿಸುತ್ತಾಳೆ. ಅವನು ಮನುಷ್ಯರೂಪಕ್ಕೆ ಮರಳಲಾರದೆ ಕಾಡಿನಲ್ಲಿ ಉಳಿಯುತ್ತಾನೆ. ಆ ತೋಳ ತನ್ನ ರಾಜನ ಕಾಲಬಳಿ ನಾಯಿಯಂತೆ ವಿಧೇಯವಾಗಿ ಮಲಗುತ್ತದೆ, ಹೆಂಡತಿಯನ್ನು ಕಂಡೊಡನೆ ಮೇಲೆ ಬಿದ್ದು ಮೂಗನ್ನು ಕಚ್ಚಿ ಕೀಳುತ್ತದೆ. ಜರ್ಮನಿಯಲ್ಲಿ 1589ರಲ್ಲಿ ಪೀಟರ್ ಸ್ಟುಂಪ್ ಎಂಬ ರೈತನನ್ನು ತೋಳಮನುಷ್ಯನೆಂಬ ಆರೋಪದ ಮೇಲೆ ಚಿತ್ರಹಿಂಸೆ ಕೊಟ್ಟು ಕೊಲ್ಲಲಾಯಿತು. 1941ರ ಹಾಲಿವುಡ್ ಚಿತ್ರ 'ದಿ ವುಲ್ಫ್ ಮ್ಯಾನ್'ನಲ್ಲಿಯೂ ತೋಳತನ ಶಾಪವೇ. ಇವೆಲ್ಲವುಗಳಲ್ಲಿ ಮೃಗವಾಗುವುದು ದಂಡನೆ, ಇಲ್ಲವೆ ದೌರ್ಭಾಗ್ಯ. ಮೃಗವಾದವನನ್ನು ಬಯಸುವ ಕನ್ಯೆ ಈ ಕಥೆಗಳಲ್ಲಿಲ್ಲ.

ಹೊಸ ಕಾದಂಬರಿಗಳಲ್ಲಿ ಇದು ತಲೆಕೆಳಗಾಗಿದೆ. ಅಮೆರಿಕದ ಲೇಖಕಿ ಸ್ಟೆಫನಿ ಮೇಯರ್ 2005ರಲ್ಲಿ 'ಟ್ವೈಲೈಟ್' ಕಾದಂಬರಿಯನ್ನೂ, 2006ರಲ್ಲಿ ಅದರ ಮುಂದಿನ ಭಾಗವನ್ನೂ ಪ್ರಕಟಿಸಿದರು. ಎರಡನೆಯ ಭಾಗದಲ್ಲಿ ನಾಯಕಿಯ ಗೆಳೆಯನೊಬ್ಬನು ತೋಳವಾಗುತ್ತಾನೆ. ಆ ಮಾಲೆಯ ಹತ್ತು ಕೋಟಿಗೂ ಮಿಕ್ಕಿ ಪ್ರತಿಗಳು ಖರ್ಚಾದವು. ಅದೇ 2006ರಲ್ಲಿ ಕೆನಡಾದಲ್ಲಿ ಆರಂಭವಾದ ವಾಟ್‌ಪ್ಯಾಡ್‌ನಲ್ಲಿ ತೋಳಮನುಷ್ಯರ ಕಥೆಗಳಿಗೆ ಪ್ರತ್ಯೇಕ ವಿಭಾಗವೇ ಏರ್ಪಟ್ಟಿತು. ನಮ್ಮ ಬೆಂಗಳೂರಿನಲ್ಲಿ 2014ರಲ್ಲಿ ಆರಂಭವಾದ ಪ್ರತಿಲಿಪಿಯ ಮೂಲಕ ಕನ್ನಡದಲ್ಲಿಯೂ ಧಾರಾವಾಹಿ ಪ್ರೇಮಕಥೆಗಳನ್ನು ಮೊಬೈಲಿನಲ್ಲಿ ಓದುವ ರೂಢಿ ಊರೂರಿಗೆ ಬಂದಿತು. ಇಂಗ್ಲಿಷ್ ಬಲ್ಲವರು ಅಲ್ಲಿಯೂ ಇಲ್ಲಿಯೂ ಓದುತ್ತಾರೆ.

ಈ ತೋಳನ ಕಥೆಗಳಿಗೊಂದು ಸಿದ್ಧ ಚೌಕಟ್ಟು ಇದೆ. ನಾಯಕನು ತೋಳಗಳ ಗುಂಪಿನ ಒಡೆಯ. ಅವನಿಗೆ 'ಆಲ್ಫಾ' ಎಂದು ಹೆಸರು. ಅವನ ಕಣ್ಣು ಕೆಂಡ, ಮಾತು ಗುಡುಗು, ಕೈಗೆ ರಕ್ತ ಅಂಟಿದ್ದರೂ ಅಂಟಿರಬಹುದು. ನಾಯಕಿ ಸಾಮಾನ್ಯಳು, ಹಲವು ಸಲ ತವರಿನಲ್ಲಿಯೇ ತಿರಸ್ಕೃತಳು. ಅವಳು ಎದುರಿಗೆ ಬಂದೊಡನೆ, ಅವಳ ಮೈಗಂಧದಿಂದಲೇ, ಇವಳು ತನಗೆಂದೇ ಹುಟ್ಟಿದ ಜೋಡಿ ಎಂದು ಅವನಿಗೆ ಅರಿವಾಗುತ್ತದೆ. ಈ ಜೋಡಿಗೆ 'ಮೇಟ್' ಎನ್ನುತ್ತಾರೆ. ಆ ಬಂಧವನ್ನು ಅವನು ಕಡಿದುಕೊಳ್ಳಲಾರ. ಅಹಂಕಾರದಿಂದ ನಿರಾಕರಿಸಿದನೋ, ಮುಂದಿನ ಐವತ್ತು ಅಧ್ಯಾಯ ಪಶ್ಚಾತ್ತಾಪದಲ್ಲಿ ಬೇಯುತ್ತಾನೆ. ಭಾಷೆ ಬಹುಮಟ್ಟಿಗೆ ಒರಟು, ಪಾತ್ರಗಳು ಅಚ್ಚಿನಲ್ಲಿ ಒತ್ತಿದಂಥವು. ಒಂದನ್ನು ಓದಿದವರು ಹತ್ತನ್ನು ಓದಿದಂತೆ. ಸಾಹಿತ್ಯದೃಷ್ಟಿಯಿಂದ ಇವುಗಳ ಗುಣದೋಷವನ್ನು ವಿಸ್ತರಿಸುವ ಅಗತ್ಯವಿಲ್ಲ. ಆದರೂ ಓದುತ್ತಾರೆ, ಏಕೆ?

ಚಾಮರಾಜನಗರದ ಶ್ರಾವಕ ಕುಟುಂಬವೊಂದರಲ್ಲಿ ತಾತನು ಮೊಮ್ಮಗಳನ್ನು ಇದನ್ನೇ ಕೇಳಿದರು.

"ಏನಮ್ಮ ಇದೆ ಅದರಲ್ಲಿ ಅಂಥ ರುಚಿ?"

"ಅವನಿಗೆ ಎಲ್ಲರ ಮೇಲೂ ಕೋಪ ಬರುತ್ತೆ ತಾತ. ಅವಳ ಮೇಲೆ ಮಾತ್ರ ಬರಲ್ಲ."

"ಅಷ್ಟೇನಾ?"

"ಅಷ್ಟು ಸಾಲದಾ?"

ಈ ಉತ್ತರದಲ್ಲಿ ಒಂದು ಸಾಹಿತ್ಯಪ್ರಕಾರದ ವಿಮರ್ಶೆಯೂ, ಒಂದು ಗೃಹಸ್ಥಸಮಾಜದ ವಿಮರ್ಶೆಯೂ ಅಡಗಿವೆ. ಅಂಗಡಿಯ ಗಲ್ಲಾದ ಮುಂದೆ ಕುಳಿತ ಗೃಹಸ್ಥನ ಸ್ವಭಾವವನ್ನು ಆಲೋಚಿಸಬೇಕು. ನಾಲ್ಕು ಥಾನು ಬಿಚ್ಚಿಸಿ, ಯಾವುದನ್ನೂ ಕೊಳ್ಳದೆ ಎದ್ದುಹೋಗುವ ಗಿರಾಕಿಗೂ ಅವನು ನಗುತ್ತಲೇ ಕೈಮುಗಿಯುತ್ತಾನೆ. ಬಾಕಿ ಉಳಿಸಿಕೊಂಡವನಿಗೂ 'ಬನ್ನಿ, ಕುಳಿತುಕೊಳ್ಳಿ' ಎನ್ನುತ್ತಾನೆ. ದಿನವೆಲ್ಲ ನುಂಗಿದ ಕೋಪವನ್ನು ರಾತ್ರಿ ಒಂಬತ್ತಕ್ಕೆ ಬಾಗಿಲೆಳೆದು ಮನೆಗೆ ಒಯ್ಯುತ್ತಾನೆ. ಸಾರಿಗೆ ಉಪ್ಪು ಕಡಿಮೆಯಾದುದು ಅದಕ್ಕೆ ನೆಪ. ಹೊರಗೆ ಸಾಧು, ಒಳಗೆ ಮೃಗ. ಕಾದಂಬರಿಯ ತೋಳನು ಈ ಲೆಕ್ಕವನ್ನು ಅದಲುಬದಲು ಮಾಡುತ್ತಾನೆ: ಹೊರಗೆ ಮೃಗ, ಒಳಗೆ ಸಾಧು. ನೀರನ್ನು ಶೋಧಿಸಿ ಕುಡಿಯುವ, ಸೂರ್ಯಾಸ್ತಕ್ಕೆ ಮುನ್ನ ಊಟ ಮುಗಿಸುವ ಮನೆಗಳಲ್ಲಿಯೂ ಗಂಡಸಿನ ಧ್ವನಿ ಏರಿದೊಡನೆ ಅಡುಗೆಮನೆಯಲ್ಲಿ ಪಾತ್ರೆಗಳ ಸದ್ದು ನಿಲ್ಲುವುದುಂಟು. ಅದನ್ನು ಕೇಳುತ್ತ ಬೆಳೆದ ಹುಡುಗಿಗೆ ತೋಳನ ಕಥೆ ಅಸಂಭಾವ್ಯವೆಂದು ತೋರುವುದಿಲ್ಲ. ಮನುಷ್ಯನೊಳಗೆ ಮೃಗವಿದೆಯೆಂಬುದು ಅವಳಿಗೆ ಹೊಸ ಸುದ್ದಿಯಲ್ಲ. ಆ ಮೃಗ ತನ್ನ ಕಡೆಗೆ ತಿರುಗುವುದಿಲ್ಲವೆಂಬುದೊಂದೇ ಅವಳಿಗೆ ಹೊಸ ಸುದ್ದಿ.

ಕನ್ನಡದ ಜಾನಪದ ಮನಸ್ಸು ಇದನ್ನು ಬಹಳ ಹಿಂದೆಯೇ ಬಲ್ಲದು. ಎ.ಕೆ. ರಾಮಾನುಜನ್ ಅವರಿಂದ ಕೇಳಿದ ಜನಪದ ಕಥೆಗಳನ್ನು ಆಧರಿಸಿ ಗಿರೀಶ ಕಾರ್ನಾಡರು 1988ರಲ್ಲಿ 'ನಾಗಮಂಡಲ' ನಾಟಕವನ್ನು ರಚಿಸಿದರು, 1997ರಲ್ಲಿ ಟಿ.ಎಸ್. ನಾಗಾಭರಣರು ಅದನ್ನು ಚಲನಚಿತ್ರವಾಗಿಸಿದರು. ಅಪ್ಪಣ್ಣನು ಹೆಂಡತಿ ರಾಣಿಯನ್ನು ಹಗಲು ಮನೆಯೊಳಗೆ ಕೂಡಿಹಾಕಿ ಬೀಗ ಜಡಿದು ಹೋಗುತ್ತಾನೆ. ರಾತ್ರಿ ಅವನದೇ ರೂಪವನ್ನು ಧರಿಸಿ ಬರುವ ನಾಗನು ಅವಳ ಮಾತನ್ನು ಕೇಳುತ್ತಾನೆ, ಕಣ್ಣೀರನ್ನು ಒರೆಸುತ್ತಾನೆ. ಮನುಷ್ಯನಲ್ಲಿ ವಿಷ, ಸರ್ಪದಲ್ಲಿ ದಯೆ. ಇಂದಿನ ತೋಳನ ಕಥೆಗಳಿಗಿಂತ ಇದು ಎಷ್ಟೋ ಸೂಕ್ಷ್ಮವಾದ ಕೃತಿ. ಏಕೆಂದರೆ ಇಲ್ಲಿ ನಾಗನ ದಯೆಗೆ ಅವನ ಕ್ರೌರ್ಯವೇ ಸಾಕ್ಷಿಯಾಗಬೇಕಿಲ್ಲ. ತೋಳನ ಕಥೆಗಳಲ್ಲಿ ಆ ಸಾಕ್ಷಿ ಬೇಕೇ ಬೇಕು: ಅವನು ಇತರರನ್ನು ಎಷ್ಟು ಸೀಳಬಲ್ಲನೋ ಅಷ್ಟು ಅವಳನ್ನು ಪ್ರೀತಿಸುತ್ತಾನೆಂದು ಲೆಕ್ಕ.

ಎರಡನೆಯ ಆಕರ್ಷಣೆ ಆ ಬಿಡಿಸಲಾಗದ ಬಂಧದ್ದು. ಹೆಣ್ಣು ನೋಡುವ ಶಾಸ್ತ್ರ ಇಂದಿಗೂ ನಡೆಯುತ್ತದೆ. ಉಪ್ಪಿಟ್ಟು ತಿಂದು, ಓದು ಕೇಳಿ, ಬಣ್ಣ ನೋಡಿ, 'ಊರಿಗೆ ಹೋಗಿ ತಿಳಿಸುತ್ತೇವೆ' ಎಂದು ಹೊರಟವರ ಮಾತಿಗಾಗಿ ವಾರಗಟ್ಟಲೆ ಕಾದು ಕುಳಿತ ಮನೆಗಳಿಗೆ ಆ ವಾಕ್ಯದ ಭಾರ ಗೊತ್ತು. ತೋಳನಾಯಕನು ಊರಿಗೆ ಹೋಗಿ ತಿಳಿಸುವವನಲ್ಲ. ನೋಡಿದ ಕ್ಷಣವೇ ಅವನ ತೀರ್ಮಾನ, ಅದಕ್ಕೆ ಬದಲಿಲ್ಲ. ನೂರು ಕಂತುಗಳನ್ನು ಓದಿಸುವಷ್ಟು ಸಮಾಧಾನ ಇದೊಂದರಲ್ಲಿಯೇ ಇದೆ.

ಜೈನ ಓದುಗರಿಗೆ ಈ ಬಂಧದ ಕಥೆ ಅಪರಿಚಿತವಾಗಬೇಕಿಲ್ಲ. 941ರಲ್ಲಿ ಪಂಪನು ರಚಿಸಿದ ಆದಿಪುರಾಣದ ಹೃದಯಭಾಗದಲ್ಲಿರುವುದು ಇದೇ ವಸ್ತು. ಲಲಿತಾಂಗದೇವನು ಸ್ವರ್ಗದಿಂದ ಚ್ಯುತನಾದಾಗ ಸ್ವಯಂಪ್ರಭೆ ವಿರಹದಿಂದ ತಪಿಸುತ್ತಾಳೆ. ಮುಂದಿನ ಭವದಲ್ಲಿ ಅವನು ವಜ್ರಜಂಘ, ಅವಳು ವಜ್ರದಂತ ಚಕ್ರವರ್ತಿಯ ಮಗಳು ಶ್ರೀಮತಿ. ಆಕಾಶದಲ್ಲಿ ಸಾಗುವ ದೇವತೆಗಳನ್ನು ಕಂಡ ಶ್ರೀಮತಿಗೆ ಜಾತಿಸ್ಮರಣೆಯಾಗುತ್ತದೆ. ಹಿಂದಿನ ಭವದ ನೆನಪುಗಳನ್ನು ಅವಳು ಪಟದಲ್ಲಿ ಚಿತ್ರಿಸುತ್ತಾಳೆ; ಆ ಪಟವನ್ನು ದಾದಿ ಪಂಡಿತೆ ಜಿನಾಲಯಕ್ಕೆ ಒಯ್ಯುತ್ತಾಳೆ. ತಾವೇ ಆ ಪ್ರಿಯನೆಂದು ಸುಳ್ಳು ಹೇಳಿ ಬಂದವರು ಚಿತ್ರದ ಗೂಢಾರ್ಥವನ್ನು ಹೇಳಲಾರದೆ ಸೋಲುತ್ತಾರೆ. ವಜ್ರಜಂಘನು ನೋಡಿದೊಡನೆ ತನ್ನ ಕಥೆಯನ್ನೇ ಕಾಣುತ್ತಾನೆ.

ತೋಳನ ಕಥೆಯ 'ಮೇಟ್' ಇದಕ್ಕಿಂತ ದೂರದವಳಲ್ಲ. ಆದರೆ ಎರಡು ವ್ಯತ್ಯಾಸಗಳನ್ನು ಗಮನಿಸಬೇಕು. ಅಲ್ಲಿ ಗುರುತಿಸುವವನು ಗಂಡು, ಗುರುತಿಸುವುದು ಮೂಗಿನಿಂದ. ಹುಡುಗಿಗೆ ಹೇಳುವುದೇನೂ ಇಲ್ಲ. ಇಲ್ಲಿ ಹುಡುಕುವವಳು ಹೆಣ್ಣು, ಪರೀಕ್ಷೆಯನ್ನು ಒಡ್ಡುವವಳು ಹೆಣ್ಣು, ಗುರುತು ನೆನಪಿನಿಂದ. ಸಾವಿರ ವರ್ಷ ಹಿಂದಿನ ಕಾವ್ಯದ ನಾಯಕಿ ಇಂದಿನ ಕಾದಂಬರಿಯ ನಾಯಕಿಗಿಂತ ಹೆಚ್ಚು ಸ್ವತಂತ್ರಳೆಂಬುದು ಆಧುನಿಕರಿಗೆ ತುಸು ಮುಜುಗರದ ಸಂಗತಿಯಾದೀತು. ಎರಡನೆಯದು ಇನ್ನೂ ಮುಖ್ಯವಾದುದು. ತೋಳನ ಕಥೆ ಜೋಡಿ ಸೇರಿದಲ್ಲಿಗೆ ಮುಗಿಯುತ್ತದೆ. ಪಂಪನ ಕಥೆ ಅಲ್ಲಿಗೆ ಮುಗಿಯುವುದಿಲ್ಲ. ಶಯ್ಯಾಗೃಹದಲ್ಲಿ ಹಾಕಿದ ಸುಗಂಧಧೂಪದ ಹೊಗೆ, ಗವಾಕ್ಷಗಳನ್ನು ತೆರೆಯದೆ ಬಿಟ್ಟುದರಿಂದ, ಆಲಿಂಗನದಲ್ಲಿಯೇ ಇಬ್ಬರ ಉಸಿರನ್ನೂ ಕಟ್ಟಿಸುತ್ತದೆ. ಭೋಗಕ್ಕೆಂದು ತಂದ ಪರಿಮಳವೇ ಮೃತ್ಯುವಾಗುತ್ತದೆ. ಆದರೂ ಕವಿ ಆ ಪ್ರೇಮವನ್ನು ಹೀಗಳೆಯುವುದಿಲ್ಲ; ಜೀವಗಳು ಮುಂದಕ್ಕೆ ಸಾಗುತ್ತವೆ. ವಜ್ರಜಂಘನ ಜೀವ ಭವಾಂತರಗಳ ತರುವಾಯ ವೃಷಭನಾಥನಾಗುತ್ತದೆ. ಶ್ರೀಮತಿಯ ಜೀವ ಹಸ್ತಿನಾಪುರದ ಶ್ರೇಯಾಂಸನಾಗಿ, ಅವನಿಗೆ ಕಬ್ಬಿನ ರಸದ ಮೊದಲ ಆಹಾರವನ್ನು ನೀಡುತ್ತದೆ. ಅಕ್ಷಯತೃತೀಯೆಯ ದಿನ ಆಭರಣದ ಅಂಗಡಿಗಳ ಮುಂದೆ ಸಾಲುಗಟ್ಟುವವರಲ್ಲಿ ಎಷ್ಟು ಮಂದಿಗೆ ಇದರ ನೆನಪಿದೆಯೋ!

ಶ್ರೇಯಾಂಸನಿಗೆ ಮುನಿಗೆ ಆಹಾರ ನೀಡುವ ವಿಧಿ ತಿಳಿದದ್ದು ಹೇಗೆ? ಶ್ರೀಮತಿಯಾಗಿದ್ದ ಭವದ ನೆನಪಿನಿಂದ. ಆ ಭವದಲ್ಲಿ ಪ್ರಯಾಣದ ನಡುವೆ ಕಾಡಿನಲ್ಲಿ ಬೀಡುಬಿಟ್ಟಿದ್ದಾಗ ದಮಧರ, ಸಾಗರಸೇನರೆಂಬ ಚಾರಣಮುನಿಗಳು ಬಂದರು. ಗಂಡಹೆಂಡಿರು ಅವರಿಗೆ ಆಹಾರದಾನ ಮಾಡಿದರು. ಸಮೀಪದಲ್ಲಿಯೇ ನಾಲ್ಕು ಮೃಗಗಳು ಕುಳಿತು, ಹೆದರದೆ ಹೆದರಿಸದೆ, ನೋಡುತ್ತಿದ್ದವು: ಒಂದು ಹುಲಿ, ಒಂದು ಹಂದಿ, ಒಂದು ಕೋತಿ, ಒಂದು ಮುಂಗುಸಿ. ಇವು ಯಾವ ಜೀವಗಳೆಂದು ವಜ್ರಜಂಘನು ಕೇಳಲು ಮುನಿಗಳು ಅವುಗಳ ಪೂರ್ವಭವವನ್ನು ತಿಳಿಸುತ್ತಾರೆ. ಮೃಗವಾಗುವ ಮನುಷ್ಯರ ಬಗ್ಗೆ ಜೈನಧರ್ಮ ಹೇಳುವುದೆಲ್ಲ ಈ ಪ್ರಸಂಗದಲ್ಲಿದೆ.

ಹುಲಿ ಹಿಂದೆ ಹಸ್ತಿನಾಪುರದ ವೈಶ್ಯ ಸಾಗರದತ್ತ, ಧನವತಿಯರ ಮಗ ಉಗ್ರಸೇನ. ಕ್ರೋಧ ಅವನ ಸ್ವಭಾವ. ರಾಜನ ಉಗ್ರಾಣದಿಂದ ಅಕ್ಕಿತುಪ್ಪಗಳನ್ನು ಬಲಾತ್ಕಾರವಾಗಿ ತೆಗೆಸಿ ವೇಶ್ಯೆಯರಿಗೆ ಕೊಟ್ಟು, ಸಿಕ್ಕಿಬಿದ್ದು, ಪೆಟ್ಟು ತಿಂದು ಸತ್ತು ಹುಲಿಯಾದ. ಹಂದಿ ಮಾನಕಷಾಯದಿಂದ ಕೆಟ್ಟ ರಾಜಕುಮಾರ ಹರಿವಾಹನ. ಕೋತಿ ಮಾಯೆಯಿಂದ ಕೆಟ್ಟ ವೈಶ್ಯಪುತ್ರ ನಾಗದತ್ತ. ಮುಂಗುಸಿ ಲೋಭದಿಂದ ಕೆಟ್ಟ ಲೋಲುಪನೆಂಬ ಸಿಹಿತಿಂಡಿ ವ್ಯಾಪಾರಿ. ನಾಲ್ಕು ಕಷಾಯಗಳಿಗೆ ನಾಲ್ಕು ಮೃಗಗಳು; ಅವುಗಳಲ್ಲಿ ಮೂರು ಅಂಗಡಿಬೀದಿಯಿಂದಲೇ ಹೋದವು ಎಂಬುದನ್ನು ಈ ಪತ್ರಿಕೆಯ ಓದುಗರು ವಿಶೇಷವಾಗಿ ಗಮನಿಸಬಹುದು.

ನೇಮಿಚಂದ್ರ ಸಿದ್ಧಾಂತಚಕ್ರವರ್ತಿಗಳ ಗೊಮ್ಮಟಸಾರ ಕ್ರೋಧವನ್ನು ನಾಲ್ಕು ಗೆರೆಗಳಿಗೆ ಹೋಲಿಸುತ್ತದೆ. ಬಂಡೆಯ ಮೇಲಿನ ಗೆರೆ, ನೆಲದ ಬಿರುಕು, ಧೂಳಿನ ಗೆರೆ, ನೀರಿನ ಗೆರೆ. ಬಂಡೆಯ ಗೆರೆಯಂಥ ಕ್ರೋಧ ನರಕಕ್ಕೂ, ನೆಲದ ಬಿರುಕಿನಂಥದು ತಿರ್ಯಂಚಗತಿಗೂ ಒಯ್ಯುತ್ತದೆ. ತೋಳನಾಯಕನ ಕೋಪವನ್ನು ಕಾದಂಬರಿಕಾರರು ಬಣ್ಣಿಸುವುದೇ ಬಂಡೆಯ ಗೆರೆಯಾಗಿ: ಅವನು ಮರೆಯುವುದಿಲ್ಲ, ಕ್ಷಮಿಸುವುದಿಲ್ಲ. ಇದನ್ನು ಅವರು ದೋಷವೆಂದಲ್ಲ, ನಿಷ್ಠೆಯೆಂದು ಮೆಚ್ಚುತ್ತಾರೆ.

ಆದರೆ ಆದಿಪುರಾಣದ ಈ ಪ್ರಸಂಗದಲ್ಲಿ ಅತ್ಯಂತ ಬೆಲೆಯುಳ್ಳದ್ದು, ಶ್ರೀಮತಿ ಆ ಹುಲಿಯನ್ನು ಪಳಗಿಸುವುದಿಲ್ಲ ಎಂಬುದು. ಅವಳು ಅದರ ಹಣೆ ಸವರುವುದಿಲ್ಲ; ಅದರ ಕೋಪ ತನ್ನಿಂದ ಶಮನವಾಯಿತೆಂದು ಹಿಗ್ಗುವುದಿಲ್ಲ. ಅವಳ ಕೈಯಲ್ಲಿರುವುದು ಆಹಾರದ ಪಾತ್ರೆ, ಅವಳ ಗಮನ ಮುನಿಯ ಕಡೆಗೆ. ಹುಲಿ ತಾನೇ ಬಂದಿತು, ತಾನೇ ನೋಡಿತು, ತನ್ನ ಹಿಂದಿನ ಭವವನ್ನು ತಾನೇ ನೆನೆದು ಶಾಂತವಾಯಿತು, ದಾನವನ್ನು ಮನಸ್ಸಿನಲ್ಲಿಯೇ ಅನುಮೋದಿಸಿತು. ಆ ಅನುಮೋದನೆಯಿಂದಲೇ ನಾಲ್ಕೂ ಜೀವಗಳು ಭೋಗಭೂಮಿಯಲ್ಲಿ ಹುಟ್ಟಿ, ಕಟ್ಟಕಡೆಗೆ ವೃಷಭನಾಥನ ಮಕ್ಕಳಾಗುತ್ತವೆ. ಮಹಾವೀರಸ್ವಾಮಿಯ ಜೀವವೂ ಒಂದು ಭವದಲ್ಲಿ ಸಿಂಹವಾಗಿದ್ದು, ಮುನಿಗಳ ಉಪದೇಶದಿಂದ ವ್ರತ ಹಿಡಿಯಿತೆಂಬುದು ಪ್ರಸಿದ್ಧ. ಉಪದೇಶ ಹೊರಗಿನಿಂದ ಬರಬಹುದು, ಬಿಡುವುದು ಮಾತ್ರ ಒಳಗಿನ ಕೆಲಸ.

ತೋಳನ ಕಥೆಗಳ ನಿಜವಾದ ದೋಷ ಇಲ್ಲಿದೆ. ಅವುಗಳ ಶೃಂಗಾರದಲ್ಲಲ್ಲ, ಅವುಗಳ ಅದ್ಭುತದಲ್ಲಲ್ಲ. ಗಂಡಸಿನ ಕ್ರೋಧದ ಹೊಣೆಯನ್ನು ಅವು ಹತ್ತೊಂಬತ್ತರ ಹುಡುಗಿಯ ತಲೆಯ ಮೇಲಿಡುತ್ತವೆ. ಅವಳು ಹತ್ತಿರವಿದ್ದರೆ ಅವನು ಶಾಂತ, ದೂರವಾದರೆ ಉಗ್ರ. ಅವನು ಯಾರನ್ನಾದರೂ ಕೊಂದರೆ ಅವಳನ್ನು ಅಗಲಿದ ಸಂಕಟವೇ ಕಾರಣ. ಇದು ಕೇಳಲು ಇಂಪು. ಬದುಕಿನಲ್ಲಿ ಇದೇ ಮಾತು ಬೇರೆ ದನಿಯಲ್ಲಿ ಬರುತ್ತದೆ. 'ಅವನ ಸ್ವಭಾವ ನಿನಗೆ ಗೊತ್ತಲ್ಲ, ನೀನೇ ನೋಡಿಕೊಂಡು ನಡೆಯಬೇಕಿತ್ತು' ಎಂದು ತವರಿಗೆ ಬಂದ ಮಗಳಿಗೆ ಹೇಳುವ ಹಿರಿಯರು ಯಾವ ಕಾದಂಬರಿಯನ್ನೂ ಓದಿದವರಲ್ಲ. ಆದರೂ ಅವರ ಸಿದ್ಧಾಂತ ಆ ಕಾದಂಬರಿಗಳದೇ. 'ಮದುವೆಯಾದರೆ ಸರಿಹೋಗುತ್ತಾನೆ' ಎಂದು ಮುಂಗೋಪಿ ಹುಡುಗನಿಗೆ ಹೆಣ್ಣು ಹುಡುಕುವವರದೂ ಅದೇ. ಕಥೆ ಓದುವ ಹುಡುಗಿಯನ್ನು ಗದರಿಸಿ, ಆ ಕಥೆಯನ್ನು ಬಾಳುವಂತೆ ಅವಳನ್ನು ಕಳಿಸಿಕೊಡುವುದು ನ್ಯಾಯವೇ?

ಮೃಗದ ಬಗೆಗೂ ಈ ಕಾದಂಬರಿಗಳು ನ್ಯಾಯವಾಗಿ ನಡೆದುಕೊಂಡಿಲ್ಲ. ಹಲ್ಲಿನ ಬಲದಿಂದ ಗುಂಪನ್ನು ಆಳುವ ಆಲ್ಫಾ ತೋಳನ ಕಲ್ಪನೆಗೆ ಮೂಲ, 1947ರಲ್ಲಿ ರುಡಾಲ್ಫ್ ಶೆಂಕೆಲ್ ಎಂಬ ವಿಜ್ಞಾನಿ ಮೃಗಾಲಯದಲ್ಲಿ ಕೂಡಿಟ್ಟ ತೋಳಗಳ ಬಗ್ಗೆ ಪ್ರಕಟಿಸಿದ ಅಧ್ಯಯನ. ಅಮೆರಿಕದ ಡೇವಿಡ್ ಮೆಕ್ 1970ರ ತಮ್ಮ ಗ್ರಂಥದಲ್ಲಿ ಆ ಪದಕ್ಕೆ ಪ್ರಚಾರ ಕೊಟ್ಟರು. ಕಾಡಿನ ತೋಳಗಳನ್ನು ದೀರ್ಘಕಾಲ ನೋಡಿದ ಮೇಲೆ, 1999ರಲ್ಲಿ, ತಾವೇ ಅದನ್ನು ತಿದ್ದಿದರು. ಕಾಡಿನಲ್ಲಿ ತೋಳಗಳ ಗುಂಪೆಂದರೆ ಸಾಮಾನ್ಯವಾಗಿ ತಂದೆ, ತಾಯಿ, ಮಕ್ಕಳು. ಅಲ್ಲಿ ಒಡೆತನವೆಂದರೆ ತಂದೆತಾಯ್ತನವೇ. ಸೆರೆಯಲ್ಲಿಟ್ಟ ಪ್ರಾಣಿಗಳ ಕಚ್ಚಾಟವನ್ನು ನೋಡಿ ಅದೇ ಅವುಗಳ ಸ್ವಭಾವವೆಂದು ಮನುಷ್ಯ ಬರೆದುಕೊಂಡ, ಬಳಿಕ ಅದನ್ನೇ ಗಂಡಸುತನವೆಂದು ಮೆಚ್ಚಿದ.

ನಮ್ಮ ಗುಂಡ್ಲುಪೇಟೆಯ ಕಡೆಯವರಿಗೆ ಇದಕ್ಕೆ ಪರದೇಶದ ಸಾಕ್ಷಿ ಬೇಕಿಲ್ಲ. ತೋಳ ಬಯಲುಸೀಮೆಯ ಪ್ರಾಣಿ. ಬಂಡೀಪುರದ ಕಾಡಿನಲ್ಲಿ ಗುಂಪುಕಟ್ಟಿ ಬಾಳುವುದು ಕೆನ್ನಾಯಿ, ಅಂದರೆ ಸೀಳುನಾಯಿ. ಎ.ಜೆ.ಟಿ. ಜಾನ್‌ಸಿಂಗ್ ಅವರು ಎಪ್ಪತ್ತರ ದಶಕದಲ್ಲಿ ಬಂಡೀಪುರದಲ್ಲಿಯೇ ಅವುಗಳ ಜಾಡು ಹಿಡಿದು ಅಧ್ಯಯನ ಮಾಡಿದರು. ಕೃಪಾಕರ ಮತ್ತು ಸೇನಾನಿಯವರು ವರ್ಷಗಟ್ಟಲೆ ಅವುಗಳನ್ನು ಚಿತ್ರೀಕರಿಸಿದರು. ಬೇಟೆಗೆ ಹೋದ ದೊಡ್ಡವು ಹಿಂದಿರುಗಿ, ಗೂಡಿನಲ್ಲಿರುವ ಮರಿಗಳಿಗೂ ಕಾವಲಿದ್ದವಕ್ಕೂ ತಿಂದುದನ್ನು ಕಕ್ಕಿ ಉಣಿಸುತ್ತವೆ. ಬೇಟೆಯಲ್ಲಿ ಅವು ಕ್ರೂರ, ಸಂದೇಹವಿಲ್ಲ. ಅದು ಅವುಗಳ ಗತಿ. ಆದರೆ ಸಂಜ್ಞೀ ಪಂಚೇಂದ್ರಿಯ ತಿರ್ಯಂಚಕ್ಕೂ ಸಮ್ಯಕ್ತ್ವವುಂಟು, ಅಣುವ್ರತವುಂಟು ಎನ್ನುವ ಧರ್ಮದವರು ಮನುಷ್ಯನ ಕೋಪಕ್ಕೆ ಮೃಗದ ಹೆಸರಿಡುವಾಗ ಎಚ್ಚರವಾಗಿರಬೇಕು.

ಇನ್ನೊಂದು ಮಾತನ್ನು ಮರೆಮಾಚದೆ ಹೇಳಬೇಕಾಗಿದೆ. ಹೊರಗಿನವರಿಗೆ ಉಗ್ರ, ತನ್ನವರಿಗೆ ಕರುಣಾಳು ಎಂಬ ನಾಯಕನನ್ನು ಮೆಚ್ಚುವ ಅಭ್ಯಾಸ ನಮಗೂ ಇದೆ. ಚಾಮರಾಜನಗರದ ವಿಜಯ ಪಾರ್ಶ್ವನಾಥ ಬಸದಿಯನ್ನು 1117ರಲ್ಲಿ ಕಟ್ಟಿಸಿದವನು ಹೊಯ್ಸಳ ವಿಷ್ಣುವರ್ಧನನ ದಂಡನಾಯಕ ಪುಣಿಸ. ಅಲ್ಲಿನ ಶಾಸನ ಅವನು ತೊದವರನ್ನು ಬೆದರಿಸಿದ್ದನ್ನೂ, ಕೊಂಗರನ್ನು ಅಡಗಿಸಿದ್ದನ್ನೂ, ಮಲೆಯಾಳರನ್ನು ಸಂಹರಿಸಿದ್ದನ್ನೂ, ನೀಲಗಿರಿಯನ್ನು ಗೆದ್ದದ್ದನ್ನೂ ಕೊಂಡಾಡುತ್ತದೆ. ಅದೇ ಶಾಸನ, ಬಂಡವಾಳ ಕಳೆದುಕೊಂಡ ವರ್ತಕನಿಗೆ, ಬಿತ್ತನೆಬೀಜವಿಲ್ಲದ ಒಕ್ಕಲಿಗನಿಗೆ ಅವನು ನೆರವಾದುದನ್ನೂ ಹೇಳುತ್ತದೆ. ಎರಡೂ ನಿಜವಾಗಿರಬಹುದು. ವಿರೋಧಿಹಿಂಸೆಯನ್ನು ಗೃಹಸ್ಥನಿಗೆ ಪೂರ್ಣವಾಗಿ ನಿಷೇಧಿಸಿಲ್ಲವೆಂದು ಪಂಡಿತರು ಸಮಾಧಾನ ಹೇಳಬಹುದು, ಅದೂ ಸರಿ. ಆದರೆ ನಿಷೇಧಿಸದಿರುವುದು ಬೇರೆ, ಕೊಂಡಾಡುವುದು ಬೇರೆ. ಬಸ್ಸಿನಲ್ಲಿ ಕುಳಿತ ಹುಡುಗಿ ಮೆಚ್ಚುವ ನಾಯಕನಿಗೂ ಆ ಕಲ್ಲಿನ ಮೇಲೆ ಹೊಗಳಿಸಿಕೊಂಡ ನಾಯಕನಿಗೂ ದೂರದ ನೆಂಟಸ್ತಿಕೆಯಿದೆ.

'ತನ್ನವರಿಗಾಗಿ' ಎಂಬ ಕಾರಣ ಎಲ್ಲಿಯವರೆಗೆ ಹೋಗುತ್ತದೆಂಬುದನ್ನು ಇದೇ ಜಿಲ್ಲೆ 2025ರ ಜೂನ್ ತಿಂಗಳಲ್ಲಿ ನೋಡಿತು. ಮಲೆ ಮಹದೇಶ್ವರ ವನ್ಯಧಾಮದ ಹೂಗ್ಯಂ ವಲಯದಲ್ಲಿ ತಾಯಿಹುಲಿಯೊಂದು ನಾಲ್ಕು ಮರಿಗಳೊಡನೆ ಸತ್ತು ಬಿದ್ದಿತ್ತು. ಹಸುವನ್ನು ಹುಲಿ ಕೊಂದ ಸಿಟ್ಟಿಗೆ ಹಸುವಿನ ಕಳೇಬರಕ್ಕೆ ವಿಷ ಹಾಕಲಾಗಿತ್ತೆಂದು ತನಿಖೆಯಲ್ಲಿ ತಿಳಿದುಬಂದಿತು. ಹುಲಿಯನ್ನೇರಿದ ಮಾದಪ್ಪನನ್ನು ಹಾಡುವ ಬೆಟ್ಟದ ಮಡಿಲಲ್ಲಿಯೇ ಇದು ನಡೆಯಿತು. ಹಸುವಿನ ಮೇಲಿನ ಪ್ರೀತಿ ನಿಜವೇ, ನಷ್ಟವೂ ನಿಜವೇ. ಹಸಿವಿಗೆ ಕೊಂದ ಹುಲಿಯ ಮುಂದೆ ಕೋಪಕ್ಕೆ ವಿಷವಿಟ್ಟ ಕೈಯನ್ನು ನಿಲ್ಲಿಸಿದರೆ, ಉಗ್ರಸೇನನ ಕಥೆಯಲ್ಲಿ ಹುಲಿ ಯಾವುದು, ಮನುಷ್ಯ ಯಾರು ಎಂಬ ಗೊಂದಲ ಯಾರಿಗಾದರೂ ಬಂದೀತು.

ಚಾಮರಾಜನಗರದ ಆ ಮನೆಯಲ್ಲಿ ತಾತನು ಮೊಮ್ಮಗಳ ಮೊಬೈಲನ್ನು ಕಿತ್ತುಕೊಳ್ಳಲಿಲ್ಲ. ಒಂದು ಸಂಜೆ ಸಾಮಾಯಿಕ ಮುಗಿದ ಮೇಲೆ ಉಗ್ರಸೇನನ ಕಥೆಯನ್ನು ಅವಳಿಗೆ ಹೇಳಿದರು. ಕ್ರೋಧದಿಂದ ಹುಲಿಯಾದುದು, ಮುನಿದಾನವನ್ನು ನೋಡಿ ಶಾಂತವಾದುದು, ಕಡೆಗೆ ತೀರ್ಥಂಕರನ ಮಗನಾದುದು, ಎಲ್ಲವನ್ನೂ ಹೇಳಿದರು. ಅವಳು ಗಮನವಿಟ್ಟು ಕೇಳಿದಳು. ಬಳಿಕ ಕೇಳಿದಳು:

"ಅವನು ಹುಲಿಯಾಗೋಕೆ ಮುಂಚೆ ಮನೇಲಿ ಹೆಂಡತಿ ಇದ್ದಳಾ ತಾತ? ಅವಳು ಏನಾದಳು?"

ತಾತನು ಎದ್ದು ಕಪಾಟಿನಿಂದ ಪುರಾಣವನ್ನು ತೆಗೆದು ಆ ಪ್ರಸಂಗವನ್ನು ಮತ್ತೊಮ್ಮೆ ನೋಡಿದರು. ಉಗ್ರಸೇನನ ತಂದೆಯ ಹೆಸರಿತ್ತು, ತಾಯಿಯ ಹೆಸರಿತ್ತು, ಊರಿನ ಹೆಸರಿತ್ತು. ಅವಳು ಕೇಳಿದ್ದು ಅಲ್ಲಿರಲಿಲ್ಲ.